ಕ್ಯಾಮೆರಾ ಎಲ್ಲಿ ನಿಂತಿದೆ? ದೃಶ್ಯ ಓದುವ ಮೊದಲ ಸೆಮಿಸ್ಟರು

ದಲಿತ ವಿಮರ್ಶೆ ಅಂದರೆ ನಮ್ಮಲ್ಲಿ ಬಹುಮಟ್ಟಿಗೆ ಸಾಹಿತ್ಯ ವಿಮರ್ಶೆ ಎಂದೇ ಅರ್ಥ. ಕಾವ್ಯ, ಕತೆ, ಆತ್ಮಕತೆಗಳನ್ನು ಓದುವ ಒಂದು ಕಣ್ಣನ್ನು ಚಳವಳಿ ನಮಗೆ ಕೊಟ್ಟಿದೆ. ಆದರೆ ನಂಜನಗೂಡು, ತಿ. ನರಸೀಪುರದ ಕಾಲೇಜುಗಳಿಗೆ ಹಳ್ಳಿಗಳಿಂದ ಬಸ್ಸು ಹತ್ತಿ ಬರುವ ಹುಡುಗ ಹುಡುಗಿಯರಿಗೆ ಇವತ್ತು ಪುಸ್ತಕದ ಪುಟಕ್ಕಿಂತ ಚಿತ್ರವೇ ಹೆಚ್ಚು ಎದುರಾಗುತ್ತದೆ. ಮೊಬೈಲಿನ ರೀಲು, ಟೀವಿ, ಪೇಪರಿನ ಫೋಟೋ, ಸರ್ಕಲ್ಲಿನ ಫ್ಲೆಕ್ಸು, ಸಿನಿಮಾ. ಜಾತಿ ಅಲ್ಲೆಲ್ಲ ಕೂತಿದೆ. ಆದರೆ ಹೆಸರು ಹೇಳಿಕೊಳ್ಳದೆ ಕೂತಿದೆ. ಈ ಚಿತ್ರಗಳನ್ನು ಓದುವ ಬಗೆ ಪತ್ರಿಕೋದ್ಯಮ, ಮಾಧ್ಯಮ ಅಧ್ಯಯನ ಎಂಬ ಹೆಸರಿನಲ್ಲಿ ತಾಲೂಕು ಕೇಂದ್ರದ ತನಕ ಬಂದಿದೆ. 2021ರಲ್ಲಿ ಹೊಸ ಶಿಕ್ಷಣ ನೀತಿ ಅಂತ ಸಿಲಬಸ್ ಬದಲಾಯಿತು, 2024ರಲ್ಲಿ ರಾಜ್ಯ ಅದನ್ನು ಕೈಬಿಟ್ಟಾಗ ಮತ್ತೆ ಬದಲಾಯಿತು. ಮೊದಲ ಸೆಮಿಸ್ಟರಿನ ಪಾಠ ಮಾತ್ರ ಹೆಚ್ಚುಕಡಿಮೆ ಅದೇ: ಶಾಟು, ಆಂಗಲ್ಲು, ಫ್ರೇಮು, ಚಿಹ್ನೆ, ಅಡಿಬರಹ, ನೋಟ. ಈ ಆರು ಪದಗಳನ್ನು ಕೇರಿಯಿಂದ ಬಂದ ವಿದ್ಯಾರ್ಥಿ ಹೇಗೆ ತನ್ನದಾಗಿಸಿಕೊಳ್ಳಬಹುದು ಎಂಬುದಷ್ಟೇ ಈ ಬರಹದ ವಿಚಾರ.

ಆಂಗಲ್ಲಿನಿಂದ ಶುರು ಮಾಡೋಣ. ಪಠ್ಯಪುಸ್ತಕ ಹೇಳುವುದು ಇಷ್ಟು: ಕ್ಯಾಮೆರಾ ಕೆಳಗಿನಿಂದ ಮೇಲೆ ನೋಡಿದರೆ ಮನುಷ್ಯ ದೊಡ್ಡವನಾಗಿ, ಬಲಶಾಲಿಯಾಗಿ ಕಾಣುತ್ತಾನೆ. ಮೇಲಿನಿಂದ ಕೆಳಗೆ ನೋಡಿದರೆ ಸಣ್ಣವನಾಗುತ್ತಾನೆ. ಕಣ್ಣಿನ ಮಟ್ಟದಲ್ಲಿಟ್ಟರೆ ಅದು ತಟಸ್ಥ. ಇದನ್ನು ನೋಟ್ಸ್ ಬರೆದುಕೊಂಡು ಪರೀಕ್ಷೆಯಲ್ಲಿ ಐದು ಅಂಕ ತೆಗೆದುಕೊಳ್ಳಬಹುದು. ಆದರೆ ಕಣ್ಣಿನ ಮಟ್ಟ ಅಂದರೆ ಯಾರ ಕಣ್ಣಿನ ಮಟ್ಟ? ಜಗಲಿ ಮೇಲೆ ಕೂತವನ ಕಣ್ಣಿನ ಮಟ್ಟ ಬೇರೆ, ಅಂಗಳದಲ್ಲಿ ಕೈಕಟ್ಟಿ ನಿಂತು 'ಬುದ್ಧೀ' ಅನ್ನುವವನ ಕಣ್ಣಿನ ಮಟ್ಟ ಬೇರೆ. ಜಗಲಿ ಎಂಬುದೇ ಕಲ್ಲಿನಲ್ಲಿ ಕಟ್ಟಿಟ್ಟ ಲೋ ಆಂಗಲ್ಲು. ಯಜಮಾನನನ್ನು ನೋಡಬೇಕಾದರೆ ತಲೆ ಎತ್ತಲೇಬೇಕು, ಹಾಗೆ ಎತ್ತುವುದೂ ತಪ್ಪು. ಸಿನಿಮಾ ಹುಟ್ಟುವ ಎಷ್ಟೋ ಮೊದಲು ನಮ್ಮ ಹಳ್ಳಿಗಳು ಆಂಗಲ್ಲನ್ನು ಕಂಡುಹಿಡಿದಿದ್ದವು. ಇದನ್ನು ಹೀಗೆ ಹೇಳಿದ ಕೂಡಲೇ ಕೊನೆ ಬೆಂಚಿನವರಿಗೂ ಪಾಠ ಅರ್ಥವಾಗುತ್ತದೆ. ಅರ್ಥವಾಗುವುದು ಏನು ಬಂತು, ಅವರೇ ಮುಂದಿನ ಉದಾಹರಣೆ ಕೊಡುತ್ತಾರೆ.

ಇದರ ಜೊತೆಗೆ ಮಾಡಿಸಬಹುದಾದ ಒಂದು ಸಣ್ಣ ಅಭ್ಯಾಸವಿದೆ. ಪ್ರತಿಯೊಬ್ಬರೂ ತಮ್ಮ ಊರಿನ ನಕ್ಷೆ ಬರೆಯುವುದು: ಊರು, ಕೇರಿ, ದೇವಸ್ಥಾನ, ಡೇರಿ, ಬಸ್‌ಸ್ಟಾಪು, ಸ್ಕೂಲು, ಸ್ಮಶಾನ. ಆಮೇಲೆ ತಮ್ಮೂರಿನ ಬಗ್ಗೆ ಪೇಪರಿನಲ್ಲಿ ಬಂದ ಫೋಟೋ ಎಲ್ಲಿ ನಿಂತು ತೆಗೆದದ್ದು ಎಂದು ಆ ನಕ್ಷೆಯ ಮೇಲೆ ಗುರುತು ಹಾಕುವುದು. ಮದುವೆ ವಿಡಿಯೋದವನು, ಜಾತ್ರೆಯ ಫೋಟೋದವನು, ಚುನಾವಣೆ ಸಮಯದ ಟೀವಿಯವನು ಎಲ್ಲೆಲ್ಲಿ ನಿಂತಿದ್ದರು ಎಂದೂ ಗುರುತು ಹಾಕುವುದು. ಗುರುತುಗಳೆಲ್ಲ ಒಂದೇ ಕಡೆ ಮುತ್ತಿಕೊಳ್ಳುತ್ತವೆ. ಕೌಲಂದೆ ಕಡೆಯ ಒಬ್ಬ ಹುಡುಗಿ ಹೇಳಿದ ಮಾತು: "ನಮ್ ಬೀದಿ ಪೇಪರ್ಗ ಬರದು ಮಳ ಬಂದು ಮೋರಿ ಕಟ್ಕಂಡಾಗ್ಲೇ ಸಾ." ಕೇರಿಯ ಫೋಟೋ ಇದ್ದರೂ ಅದು ಕೇರಿಯ ಬಾಯಲ್ಲಿ ನಿಂತು ತೆಗೆದದ್ದು. ಕೇರಿಯ ಒಂದು ಮನೆಯ ಬಾಗಿಲಲ್ಲಿ ಕೂತು ಊರಿನ ಕಡೆ ನೋಡಿದ ಫೋಟೋ ಒಂದೂ ಸಿಗಲಿಲ್ಲ. ದೃಶ್ಯ ವಿಮರ್ಶೆ ಮಾಡುವವರು ಚಿತ್ರದಲ್ಲಿ ಏನಿದೆ ಎಂದು ಕೇಳಲು ಅವಸರಪಡುತ್ತಾರೆ. ದಲಿತ ವಿದ್ಯಾರ್ಥಿ ಕೇಳಬೇಕಾದ ಮೊದಲ ಪ್ರಶ್ನೆ, ಇದನ್ನು ತೆಗೆದವನು ಎಲ್ಲಿ ನಿಂತಿದ್ದ ಎಂಬುದು. ಮಿಕ್ಕ ಪ್ರಶ್ನೆಗಳೆಲ್ಲ ಇದರ ಹಿಂದೆ ಬರುತ್ತವೆ.

ಫ್ರೇಮಿನ ಮಾತು ಬೇಗ ಮುಗಿಯುತ್ತದೆ. ಫ್ರೇಮು ಅಂದರೆ ಚೌಕಟ್ಟು. ಒಳಗೆ ಏನಿದೆ ಅನ್ನುವಷ್ಟೇ ಹೊರಗೆ ಏನು ಉಳಿಯಿತು ಅನ್ನುವುದೂ ಮುಖ್ಯ. ತಿ. ನರಸೀಪುರದಲ್ಲಿ ಕಾವೇರಿ ಕಪಿಲೆ ಕೂಡುವಲ್ಲಿ 1989ರಿಂದ ಕುಂಭಮೇಳ ನಡೆಯುತ್ತಿದೆ, 2025ರ ಫೆಬ್ರುವರಿಯಲ್ಲೂ ನಡೆಯಿತು. ಇಂಥ ಮೇಳವನ್ನು ಡ್ರೋನಿನಿಂದ ತೆಗೆದರೆ ಜನ ಸಾಸಿವೆ ಚೆಲ್ಲಿದ ಹಾಗೆ ಕಾಣುತ್ತಾರೆ, ಎಲ್ಲರೂ ಒಂದೇ ಅನ್ನಿಸುತ್ತದೆ. ಜಾತಿ ಕಾಣದಷ್ಟು ಎತ್ತರ ಅದು. ರಾತ್ರಿಯಿಡೀ ಸೋಪಾನದ ಕಸ ತೆಗೆದು ಬ್ಲೀಚಿಂಗ್ ಪುಡಿ ಹಾಕುವ ಪೌರಕಾರ್ಮಿಕರು ಆ ಎತ್ತರದಿಂದ ಕಾಣುವುದಿಲ್ಲ. ಕಾಣಬೇಕಾದರೆ ಕ್ಯಾಮೆರಾ ಇಳಿಯಬೇಕು.

ಅಡಿಬರಹಕ್ಕೆ ಬಂದಾಗ ಸ್ವಲ್ಪ ಹಳೆಯ ಚರಿತ್ರೆಗೆ ಹೋಗಬೇಕು. ಬ್ರಿಟಿಷ್ ಸರ್ಕಾರ 1868ರಿಂದ 1875ರವರೆಗೆ 'ದಿ ಪೀಪಲ್ ಆಫ್ ಇಂಡಿಯಾ' ಎಂಬ ಎಂಟು ಸಂಪುಟಗಳನ್ನು ತಂದಿತು, ಇಲ್ಲಿನ ಜಾತಿ ಬುಡಕಟ್ಟುಗಳ ಫೋಟೋ ಸಂಗ್ರಹ ಅದು. ಮದ್ರಾಸ್ ಮ್ಯೂಸಿಯಮ್ಮಿನ ಎಡ್ಗರ್ ಥರ್ಸ್ಟನ್, ರಂಗಾಚಾರಿಯವರ ಜೊತೆ ಸೇರಿ 1909ರಲ್ಲಿ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಏಳು ಸಂಪುಟ ತಂದರು. ಈತ ಜನರ ಮೂಗು, ತಲೆ ಅಳೆಯುತ್ತಿದ್ದವರು. ಇಂಥ ಪುಸ್ತಕಗಳ ಫೋಟೋಗಳನ್ನು ತರಗತಿಯಲ್ಲಿ ಹರಡಿಟ್ಟರೆ ಮಕ್ಕಳು ಗಮನಿಸುವ ಮೊದಲ ಸಂಗತಿ, ಫೋಟೋದ ಕೆಳಗೆ ಮನುಷ್ಯನ ಹೆಸರು ಇರುವುದಿಲ್ಲ, ಜಾತಿಯ ಹೆಸರಿರುತ್ತದೆ. ಒಬ್ಬ ಅವ್ವ, ಒಬ್ಬ ಅಪ್ಪ ಇಡೀ ಜಾತಿಯ ಸ್ಯಾಂಪಲ್ಲಾಗಿ ನಿಂತಿದ್ದಾರೆ. ಇದು ಮುಗಿದುಹೋದ ವಸಾಹತುಶಾಹಿ ಕತೆ ಅಂದುಕೊಳ್ಳುವ ಹಾಗಿಲ್ಲ. ಇವತ್ತಿನ ಪೇಪರಿನಲ್ಲಿ ಸಾಲ ಸೌಲಭ್ಯ ವಿತರಣೆಯ ಫೋಟೋ ನೋಡಿ: ಶಾಸಕರು, ತಹಶೀಲ್ದಾರರು, ಪಂಚಾಯ್ತಿ ಅಧ್ಯಕ್ಷರು ಎಲ್ಲರಿಗೂ ಹೆಸರಿದೆ, ಹೊಲಿಗೆ ಮೆಷಿನ್ ತೆಗೆದುಕೊಂಡ ಹೆಂಗಸಿಗೆ 'ಫಲಾನುಭವಿ' ಎಂಬುದೇ ಹೆಸರು.

ಫ್ರಾನ್ಸಿನ ವಿಮರ್ಶಕ ರೋಲಾ ಬಾರ್ಥ್ 1964ರ ಒಂದು ಲೇಖನದಲ್ಲಿ ಚಿತ್ರದ ಜೊತೆಗಿನ ಬರಹ ಲಂಗರಿನ ಹಾಗೆ ಕೆಲಸ ಮಾಡುತ್ತದೆ ಎಂದು ವಿವರಿಸುತ್ತಾನೆ. ನಮ್ಮ ಕಡೆಯ ಮಕ್ಕಳಿಗೆ ಹಡಗಿಗಿಂತ ಹಸು ಹತ್ತಿರ. ಗೂಟ ಹೊಡೆದು ಹಸು ಕಟ್ಟಿದರೆ ಹಗ್ಗದ ಅಳತೆಯಷ್ಟೇ ಮೇಯಬೇಕು. ಚಿತ್ರದ ಅರ್ಥಕ್ಕೆ ಹೊಡೆದ ಗೂಟ ಅಡಿಬರಹ. ಗೂಟ ಹೊಡೆಯುವ ಸುತ್ತಿಗೆ ಯಾರ ಕೈಲಿದೆ ಎಂಬುದು ನಾವು ಸೇರಿಸಿಕೊಳ್ಳಬೇಕಾದ ಪ್ರಶ್ನೆ.

ಇದಕ್ಕೆ ನಂಜನಗೂಡಿನಲ್ಲೇ ಉದಾಹರಣೆಯಿದೆ. ಶ್ರೀಕಂಠೇಶ್ವರ ದೇವಸ್ಥಾನದ ಕಡೆಯಿಂದ ಅಂಧಕಾಸುರ ಸಂಹಾರ ಎಂಬ ಆಚರಣೆ ನಡೆಯುತ್ತದೆ. ಬೀದಿಯಲ್ಲಿ ಅಸುರನ ಚಿತ್ರವಿರುತ್ತದೆ, ಉತ್ಸವ ಅದನ್ನು ತುಳಿದು ಸಾಗುತ್ತದೆ. 2023ರ ಡಿಸೆಂಬರ್ ಕೊನೆಯಲ್ಲಿ ದಲಿತ ಸಂಘರ್ಷ ಸಮಿತಿಯವರು ಇದು ಮಹಿಷಾಸುರನ ಚಿತ್ರ, ಇದನ್ನು ತುಳಿಯುವುದು ಅವಮಾನ ಎಂದು ಆಕ್ಷೇಪಿಸಿದರು. ಇದು ಅಂಧಕಾಸುರ, ಮಹಿಷನಲ್ಲ ಎಂಬುದು ಎದುರು ಕಡೆಯವರ ವಾದ. ಗದ್ದಲವಾಯಿತು, ಉತ್ಸವಮೂರ್ತಿಯ ಮೇಲೆ ನೀರು ಎರಚಿದರೆಂಬ ಆರೋಪ ಬಂತು, ಪೊಲೀಸ್ ಕೇಸಾಯಿತು.

ಇಲ್ಲಿ ಚಿತ್ರ ಒಂದು, ಹೆಸರು ಎರಡು. ಬಾರ್ಥ್ ಹೇಳಿದ್ದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವುದು ಕಷ್ಟ. ಆದರೆ ವಿದ್ಯಾರ್ಥಿ ಇನ್ನೂ ಒಂದು ಹೆಜ್ಜೆ ಒಳಗೆ ಹೋಗಬೇಕು. ಹೆಸರು ಬದಲಾದರೂ ಚಿತ್ರ ಹೊಂದಿಕೊಳ್ಳುತ್ತದಲ್ಲ, ಅದು ಹೇಗೆ? ಯಾಕೆಂದರೆ ಕ್ಯಾಲೆಂಡರು, ಯಕ್ಷಗಾನ, ಪೌರಾಣಿಕ ಸಿನಿಮಾ, ಗೋಪುರದ ಗಾರೆ ಬೊಂಬೆ, ಎಲ್ಲ ಸೇರಿ ಅಸುರ ಅಂದರೆ ಹೀಗೇ ಎಂಬ ಒಂದು ಮೈಯನ್ನು ಅಚ್ಚು ಹಾಕಿಟ್ಟಿವೆ: ಕಪ್ಪು ಬಣ್ಣ, ದಪ್ಪ ಮೀಸೆ, ಕೆಂಗಣ್ಣು, ದುಡಿದು ಉಬ್ಬಿದ ತೋಳು. ಚಾಮುಂಡಿ ಬೆಟ್ಟದ ಮಹಿಷನೂ ಇದೇ ಅಚ್ಚಿನವನು, ಒಂದು ಕೈಲಿ ಕತ್ತಿ, ಒಂದು ಕೈಲಿ ಹಾವು. ಮಹಿಷ ಬೌದ್ಧ ರಾಜನೆಂದು ಹೇಳಿ ಮೈಸೂರಿನಲ್ಲಿ ಮಹಿಷ ದಸರಾ ಮಾಡುತ್ತ ಬಂದವರು ಆ ಹೆಸರಿನ ಗೂಟವನ್ನು ಕಿತ್ತು ಬೇರೆ ಕಡೆ ಹೊಡೆದರು. ಅಚ್ಚಿನ ಕತೆಯನ್ನು ನಾವಿನ್ನೂ ಸರಿಯಾಗಿ ಬರೆದಿಲ್ಲ ಅನ್ನುವುದು ನನ್ನ ಅನಿಸಿಕೆ. ತುಳಿಸಿಕೊಳ್ಳುತ್ತಿರುವ ಮೈ ಯಾರ ಮೈಯನ್ನು ಹೋಲುತ್ತದೆ ಎಂಬುದು ಪುರಾಣದ ಪ್ರಶ್ನೆಯಲ್ಲ, ನೋಡಿ ಹೇಳಬಹುದಾದ ಪ್ರಶ್ನೆ. ಸುದ್ದಿಯ ಚರ್ಚೆ ಮಾತ್ರ ಬಹುಪಾಲು ನೀರಿನ ಸುತ್ತಲೇ ತಿರುಗಿತು. ಇನ್ನೊಂದು ಮಾತು: ತರಗತಿಯಲ್ಲಿ ಎರಡೂ ಕಡೆಯ ಮಕ್ಕಳಿರುತ್ತಾರೆ. ಉತ್ಸವಕ್ಕೆ ಹೆಗಲು ಕೊಡುವ ಮನೆಯವರೂ ಅದೇ ಬೆಂಚಿನಲ್ಲಿ ಕೂತಿರುತ್ತಾರೆ. ಅಸುರ ಯಾರು ಎಂದು ತೀರ್ಪು ಕೊಡಲು ಹೋದರೆ ಪಾಠ ಅಲ್ಲಿಗೇ ನಿಲ್ಲುತ್ತದೆ. ಚಿತ್ರ ನೋಡಿ ನಿಮಗೆ ಹೇಗೆ ಗೊತ್ತಾಯಿತು ಅಂತ ಕೇಳಿದರೆ ಎರಡೂ ಕಡೆಯವರು ಮಾತಾಡುತ್ತಾರೆ.

ಇನ್ನು 'ನೋಟ'. ಲಾರಾ ಮಲ್ವಿ 1975ರಲ್ಲಿ ಹಾಲಿವುಡ್ ಸಿನಿಮಾದ ಕ್ಯಾಮೆರಾ ಗಂಡಿನ ಕಣ್ಣಾಗಿ ಹೆಣ್ಣನ್ನು ನೋಡುತ್ತದೆ ಎಂದು ತೋರಿಸಿದರು. ಕಪ್ಪು ಸ್ತ್ರೀವಾದಿ ಬೆಲ್ ಹುಕ್ಸ್ 1992ರಲ್ಲಿ ಆ ಮಾತಿಗೆ ತಕರಾರು ತೆಗೆದರು. ಗುಲಾಮರಿಗೆ ನೋಡಿದ್ದಕ್ಕೇ ಶಿಕ್ಷೆಯಿತ್ತು, ಹಾಗಾಗಿ ಕಪ್ಪು ಜನರಿಗೆ ನೋಡುವುದೇ ಒಂದು ಪ್ರತಿರೋಧ ಎಂಬುದು ಅವರ ವಾದದ ತಿರುಳು. ನಮ್ಮ ಮಕ್ಕಳಿಗೆ ಮಲ್ವಿಗಿಂತ ಹುಕ್ಸ್ ಬೇಗ ಹತ್ತಿರವಾಗುತ್ತಾರೆ. 'ಕಣ್ಣೆತ್ತಿ ನೋಡ್ತೀಯಾ' ಎಂಬ ಬೈಗುಳವನ್ನು ತಾತ ಕೇಳಿದ್ದಾನೆ, ಅಪ್ಪ ಕೇಳಿದ್ದಾನೆ. ಅಸ್ಪೃಶ್ಯತೆ ಎಂಬ ಪದ ಮುಟ್ಟುವುದರ ಬಗ್ಗೆ ಮಾತ್ರ ಹೇಳುತ್ತದೆ, ನೋಡುವುದರ ಮೇಲಿದ್ದ ನಿಷೇಧವನ್ನು ಅದು ಹೇಳುವುದಿಲ್ಲ.

ಇದನ್ನು ಮನೆಯ ಫೋಟೋಗಳ ಜೊತೆ ಸೇರಿಸಿ ನೋಡಬೇಕು. ನಿಮ್ಮ ಅಜ್ಜಿಯ ಅತ್ಯಂತ ಹಳೆಯ ಫೋಟೋ ಯಾವುದು ಎಂದು ಕೇಳಿದರೆ ಊರಿನ ದೊಡ್ಡ ಮನೆಗಳ ಮಕ್ಕಳು ಸ್ಟುಡಿಯೋದಲ್ಲಿ ತೆಗೆಸಿದ ಮದುವೆ ಫೋಟೋ ತರುತ್ತಾರೆ. ಕೇರಿಯ ಮಕ್ಕಳು ಬಹಳ ಸಲ ತರುವುದು ಮತದಾರರ ಗುರುತಿನ ಚೀಟಿ. ಟಿ.ಎನ್. ಶೇಷನ್ ಕಾಲದಲ್ಲಿ, 1993ರಲ್ಲಿ ಶುರುವಾದದ್ದು ಅದು. ಎಷ್ಟೋ ಅವ್ವಂದಿರ ಮುಖದ ಮೇಲೆ ಬಿದ್ದ ಮೊದಲ ಕ್ಯಾಮೆರಾ ಸರ್ಕಾರದ್ದು. ಬೆಂಚಿನ ಮೇಲೆ ಕೂರಿಸಿ, ಸೆರಗು ಸರಿ ಮಾಡಿಕೊಳ್ಳುವುದಕ್ಕೂ ಬಿಡದೆ, 'ಇಲ್ನೋಡಮ್ಮ' ಅಂದು ತೆಗೆದದ್ದು. ಅವಳು ತೀರಿಕೊಂಡ ಮೇಲೆ ಅದೇ ಚೀಟಿಯನ್ನು ಸ್ಟುಡಿಯೋಗೆ ಕೊಟ್ಟು ದೊಡ್ಡದು ಮಾಡಿಸಿ, ಹಿಂದೆ ನೀಲಿ ಬಣ್ಣ ಹಾಕಿಸಿ, ಕಟ್ಟು ಹಾಕಿಸಿ, ತಿಥಿಗೆ ಹೂವಿನ ಹಾರ ಹಾಕುತ್ತಾರೆ. ಸರ್ಕಾರಕ್ಕೆ ಗುರುತಾಗಿದ್ದ ಮುಖ ಮನೆಯ ದೇವರಾಗುತ್ತದೆ. ಚಿಹ್ನೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋದಾಗ ಅರ್ಥ ಹೇಗೆ ಬದಲಾಗುತ್ತದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಪಠ್ಯ ನನಗೆ ಗೊತ್ತಿಲ್ಲ. ದೇವನೂರ ಮಹಾದೇವ ಇದೇ ನಂಜನಗೂಡು ತಾಲೂಕಿನವರು. ಅವರ 'ಒಡಲಾಳ'ದ ಗೌರಿ ಗೋಡೆಯ ಮೇಲೆ ನವಿಲು ಬರೆಯುತ್ತಾಳಲ್ಲ, ಅಂಥ ಸ್ವಂತ ಚಿತ್ರಗಳು ನಮ್ಮ ಗೋಡೆಗಳ ಮೇಲಿದ್ದವು. ಸ್ವಂತ ಫೋಟೋ ಬಹಳ ತಡವಾಗಿ ಬಂತು.

ಸಿನಿಮಾಕ್ಕೆ ಹೋದರೆ ಮೊದಲ ಸೆಮಿಸ್ಟರಿನಲ್ಲಿ ಎರಡು ಸಿನಿಮಾ ಜೋಡಿಸಿ ನೋಡಿದರೆ ಸಾಕು. ಒಂದು, ಬಿ.ವಿ. ಕಾರಂತರ 'ಚೋಮನ ದುಡಿ'. 1975ರ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದದ್ದು, ಚೋಮನಾದ ವಾಸುದೇವರಾವ್ ಅವರಿಗೂ ಪ್ರಶಸ್ತಿ ಬಂತು. ಇನ್ನೊಂದು, ನಾಗರಾಜ ಮಂಜುಳೆಯವರ ಮರಾಠಿ 'ಫಂಡ್ರಿ', 2013ರದು. ಚೋಮನಿಗೆ ಉಳುಮೆ ಮಾಡುವ ಆಸೆ, ಅದು ಸಿಗುವುದಿಲ್ಲ, ಅವನ ಸಿಟ್ಟೆಲ್ಲ ದುಡಿಗೆ ಇಳಿಯುತ್ತದೆ. ನೋಡುವವರು ಮರುಗುತ್ತಾರೆ. ಫಂಡ್ರಿಯಲ್ಲಿ ಹಂದಿ ಹಿಡಿಯುವ ಮನೆಯ ಹುಡುಗ ಜಬ್ಯಾ. ಸತ್ತ ಹಂದಿಯನ್ನು ಗಳಕ್ಕೆ ಕಟ್ಟಿ ಹೊತ್ತು ಸಾಗುವಾಗ ಹಿಂದಿನ ಸ್ಕೂಲು ಗೋಡೆಯ ಮೇಲೆ ಅಂಬೇಡ್ಕರ್, ಫುಲೆ ದಂಪತಿಯ ಚಿತ್ರಗಳಿವೆ. ಕೊನೆಗೆ ಅವನು ಬೀಸಿದ ಕಲ್ಲು ನೇರ ಕ್ಯಾಮೆರಾಕ್ಕೆ, ಅಂದರೆ ನಮ್ಮ ಮುಖಕ್ಕೇ ಬರುತ್ತದೆ. ಚೋಮನ ಸಿನಿಮಾ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ಅದರ ಕಾಳಜಿ ನಿಜವಾದದ್ದು. ಅಲ್ಲಿ ನೋಡುವವನು ಹೊರಗೆ ಸುರಕ್ಷಿತವಾಗಿ ಕೂತು ಮರುಗಬಹುದು, ಇಲ್ಲಿ ಆ ಸೌಕರ್ಯವಿಲ್ಲ. ಕ್ಯಾಮೆರಾ ನಿಂತ ಜಾಗದ ವ್ಯತ್ಯಾಸ ಅಂದರೆ ಇದೇ. ಕನ್ನಡದಲ್ಲಿ ಮಂಜುಳೆಯವರ 'ಸೈರಾಟ್' 2017ರಲ್ಲಿ 'ಮನಸು ಮಲ್ಲಿಗೆ'ಯಾಗಿ ಬಂತು. ಮಾಡುವವರಿಗೆ ಅದರಲ್ಲಿ ಪ್ರೇಮಕತೆ ಕಂಡಿತು.

ಕ್ಯಾಮೆರಾ ಯಾಕೆ ಸದಾ ಅಲ್ಲೇ ನಿಂತಿರುತ್ತದೆ ಎಂಬುದಕ್ಕೆ ಉತ್ತರ ಬಹಳ ಗೂಢವಾದದ್ದೇನಲ್ಲ. 1996ರಲ್ಲಿ ಬಿ.ಎನ್. ಉನಿಯಾಲ್ ಎಂಬ ಪತ್ರಕರ್ತರು ದೆಹಲಿಯಲ್ಲಿ ಒಬ್ಬ ದಲಿತ ಪತ್ರಕರ್ತನನ್ನು ಹುಡುಕಿ ಸಿಗಲಿಲ್ಲವೆಂದು 'ಪಯನೀರ್' ಪತ್ರಿಕೆಯಲ್ಲಿ ಬರೆದರು. 2019ರಲ್ಲಿ ಆಕ್ಸ್‌ಫ್ಯಾಮ್ ಇಂಡಿಯಾ ಮತ್ತು ನ್ಯೂಸ್‌ಲಾಂಡ್ರಿ ಲೆಕ್ಕ ಹಾಕಿದಾಗ ಸುದ್ದಿಮನೆಗಳ 121 ಮುಖ್ಯ ಹುದ್ದೆಗಳಲ್ಲಿ 106 ಮೇಲ್ಜಾತಿಯವರ ಕೈಲಿದ್ದವು, ಪರಿಶಿಷ್ಟ ಜಾತಿ ಪಂಗಡದವರು ಒಬ್ಬರೂ ಇರಲಿಲ್ಲ. ಅಂಬೇಡ್ಕರರು 1920ರ ಜನವರಿ 31ರಂದು 'ಮೂಕನಾಯಕ' ಶುರು ಮಾಡಿದಾಗ 'ಕೇಸರಿ' ಪತ್ರಿಕೆ ದುಡ್ಡು ಕೊಡುತ್ತೇವೆಂದರೂ ಅದರ ಜಾಹೀರಾತು ಹಾಕಲಿಲ್ಲ. ಮೈಸೂರಿನ ಉದಾಹರಣೆ ಬೇಕೆಂದರೆ 1973ರ ನವೆಂಬರಿನ ಬೂಸಾ ಪ್ರಕರಣ ಇದೆ. ಬಿ. ಬಸವಲಿಂಗಪ್ಪನವರ ಇಡೀ ಭಾಷಣದಿಂದ ಒಂದು ಪದ ಉಳಿಯಿತು, ಆ ಒಂದು ಪದ ಅವರ ಮಂತ್ರಿಗಿರಿ ತೆಗೆಯಿತು, ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು. ಭಾಷಣದ ಮೇಲೂ ಫ್ರೇಮು ಹಾಕಬಹುದು ಎಂಬುದಕ್ಕೆ ಇದು ಸಾಕ್ಷಿ. 'ಪಂಚಮ'ದಂಥ ಪತ್ರಿಕೆ ಆ ದಶಕದಲ್ಲಿ ಹುಟ್ಟಿದ್ದು ಸುಮ್ಮನೆ ಅಲ್ಲ.

ಈ ಕಣ್ಣನ್ನು ನಮ್ಮ ಕಡೆಗೂ ತಿರುಗಿಸಬೇಕು, ಇಲ್ಲದಿದ್ದರೆ ಅದು ವಿಮರ್ಶೆಯಲ್ಲ, ದೂರು. 1967ರಲ್ಲಿ ಸಂಸತ್ ಆವರಣದಲ್ಲಿ ನಿಂತ ಬಿ.ವಿ. ವಾಘ್ ಅವರ ಅಂಬೇಡ್ಕರ್ ಪ್ರತಿಮೆಯ ಭಂಗಿ, ಅಂದರೆ ಚಾಚಿದ ಬೆರಳು, ಕಂಕುಳಲ್ಲಿ ಸಂವಿಧಾನ, ನಮ್ಮ ಊರೂರಿನ ಪ್ರತಿಮೆಯಲ್ಲೂ ಇದೆ. ಸೂಟು ಬೂಟು ಆ ಪ್ರತಿಮೆಯ ಅತಿ ದೊಡ್ಡ ಮಾತು. ಬಟ್ಟೆ ಬಿಚ್ಚಿ ಸರಳನಾಗುವ ಸವಲತ್ತು ಒಬ್ಬರಿಗಿತ್ತು, ಬಟ್ಟೆ ತೊಟ್ಟು ಮನುಷ್ಯನಾಗಬೇಕಾದ ಅಗತ್ಯ ಇನ್ನೊಬ್ಬರಿಗಿತ್ತು. ಆದರೆ ಏಪ್ರಿಲ್ ತಿಂಗಳ ಫ್ಲೆಕ್ಸುಗಳನ್ನು ನೋಡಿ. ಬಾಬಾಸಾಹೇಬರು ಮೂಲೆಯಲ್ಲಿ ಸ್ಟಾಂಪಿನಷ್ಟು, ಶುಭ ಕೋರುವ ಮುಖಂಡ ಕೂಲಿಂಗ್ ಗ್ಲಾಸು ಹಾಕಿಕೊಂಡು ಆಳೆತ್ತರ. ಹೆಂಗಸರ ಮುಖ ಹುಡುಕಿದರೆ ರಮಾಬಾಯಿ, ಸಾವಿತ್ರಿಬಾಯಿ ಬಿಟ್ಟರೆ ಸಂಘದ ಹೆಂಗಸು ಒಬ್ಬಳೂ ಇಲ್ಲ. ಆಂಗಲ್ಲು, ಫ್ರೇಮು ಇಲ್ಲೂ ಕೆಲಸ ಮಾಡುತ್ತಿವೆ. ಇದನ್ನು ಬರೆದ ವಿದ್ಯಾರ್ಥಿಯನ್ನು ಸಂಘಟನೆಯವರು ಬೈಯಬಾರದು.

ಕೊನೆಯದಾಗಿ ಬದನವಾಳು. ನಂಜನಗೂಡು ತಾಲೂಕಿನ ಈ ಊರಿಗೆ ಎರಡು ಚಿತ್ರಗಳಿವೆ. ಒಂದು, ಗಾಂಧೀಜಿ ಭೇಟಿ ಕೊಟ್ಟ ಖಾದಿ ಕೇಂದ್ರದ್ದು. 2015ರ ಏಪ್ರಿಲ್‌ನಲ್ಲಿ ರಂಗಕರ್ಮಿ ಪ್ರಸನ್ನ ಅವರ ನೇತೃತ್ವದಲ್ಲಿ ಸುಸ್ಥಿರ ಬದುಕಿಗಾಗಿ ನಡೆದ ಸತ್ಯಾಗ್ರಹ ಅದನ್ನು ದೇಶಕ್ಕೆ ಪರಿಚಯಿಸಿತು: ಹಳೆ ಹೆಂಚಿನ ಕಟ್ಟಡ, ಚರಕ, ನೂಲುವ ಕೈ. ಇನ್ನೊಂದು, 1993ರ ಮಾರ್ಚ್‌ನದು. ದೇವಸ್ಥಾನ ಪ್ರವೇಶದ ವಿವಾದದ ಬೆನ್ನಿಗೆ ಮೂವರು ದಲಿತರ ಕೊಲೆಯಾಯಿತು. ಮೊದಲ ಚಿತ್ರ ಹುಡುಕಿದರೆ ಬೇಕಾದಷ್ಟು ಸಿಗುತ್ತದೆ, ಬಣ್ಣದಲ್ಲಿ, ಒಳ್ಳೆ ಬೆಳಕಿನಲ್ಲಿ. ಎರಡನೆಯದು ಹುಡುಗರಿಗೆ ಹೇಳಿದರೆ 'ಅದೇ ಊರಾ ಸಾ?' ಅನ್ನುತ್ತಾರೆ.

ಆ ಎರಡನೆಯ ಚಿತ್ರದಂಥವು ಇಲ್ಲವೆಂದಲ್ಲ. ಈ ಎರಡು ತಾಲೂಕಿನ ಹಳೆಯ ಕಾರ್ಯಕರ್ತರ ಟ್ರಂಕುಗಳಲ್ಲಿ ಜಾಥಾ, ಧರಣಿ, ಅಧ್ಯಯನ ಶಿಬಿರಗಳ ಫೋಟೋಗಳಿವೆ. ಸಾಲಾಗಿ ನಿಂತವರಲ್ಲಿ ಮಧ್ಯದ ಇಬ್ಬರು ಮುಖಂಡರ ಹೆಸರು ಎಲ್ಲರಿಗೂ ಗೊತ್ತು, ಮಿಕ್ಕವರದ್ದು ಆ ಮನೆಯ ಹಿರಿಯರಿಗೆ ಮಾತ್ರ ಗೊತ್ತು, ಅವರಿಗೂ ವಯಸ್ಸಾಗುತ್ತಿದೆ. ಇಂಟರ್ನಲ್ ಅಂಕಕ್ಕೆ ಕೊಡುವ ಪ್ರಾಜೆಕ್ಟು ಇದೇ ಆಗಬಹುದು. ಒಬ್ಬೊಬ್ಬ ವಿದ್ಯಾರ್ಥಿ ಒಂದೊಂದು ಮನೆಗೆ ಹೋಗಿ, ಒಂದೊಂದು ಫೋಟೋ ಮುಂದಿಟ್ಟುಕೊಂಡು, ಎಡದಿಂದ ಬಲಕ್ಕೆ ಯಾರು ಯಾರು, ಯಾವ ಊರು, ಯಾವ ವರ್ಷ, ತೆಗೆದವರು ಯಾರು, ಎಲ್ಲಿ ನಿಂತು ತೆಗೆದರು ಎಂದು ಕೇಳಿ ಬರೆದುಕೊಳ್ಳುವುದು. ಮೊಬೈಲಿನಲ್ಲಿ ಒಂದು ಪ್ರತಿ ತೆಗೆದು, ಮೂಲವನ್ನು ಆ ಮನೆಯಲ್ಲೇ ಬಿಟ್ಟು ಬರುವುದು. ಫೋಟೋದ ಹಿಂದೆ ಹೆಸರು ಬರೆಯುವಾಗ ಮೆತ್ತನೆ ಪೆನ್ಸಿಲಿನಲ್ಲಿ ಹಗುರವಾಗಿ ಬರೆಯಬೇಕು. ಪೆನ್ನಿನ ಇಂಕು ಮುಂದಿನ ಮುಖಕ್ಕೆ ಇಳಿಯುತ್ತದೆ.